ಟ್ರಂಕಿನ ತಳದಲ್ಲಿ ಸಿಕ್ಕ ಅರ್ಧ ಜಾಹೀರಾತು: ಇದು ಯಾವುದರದ್ದು ಇರಬಹುದು?

ಸಕ್ಕರೆಸೀಮೆ

ಎಲ್ಲರಿಗೂ ನಮಸ್ಕಾರ. ಅಂಥ ದೊಡ್ಡ ಪ್ರಶ್ನೆ ಏನಲ್ಲ ಇದು. ಆದರೆ ನಾಲ್ಕು ದಿನದಿಂದ ತಲೆ ತಿಂತಾ ಇದೆ, ಅದಕ್ಕೇ ಇಲ್ಲಿ ಹಾಕ್ತಿದ್ದೇನೆ.

ಮಂಡ್ಯದ ನಮ್ಮ ಮನೆಗೆ ಹಬ್ಬಕ್ಕೆ ಮುಂಚೆ ಸುಣ್ಣ ಬಣ್ಣ ಮಾಡಿಸೋಣ ಅಂತ ಅಟ್ಟದ ಸಾಮಾನೆಲ್ಲ ಕೆಳಗೆ ಇಳಿಸಿದೆವು. ಅದರಲ್ಲಿ ಅಮ್ಮನ ತಗಡಿನ ಟ್ರಂಕೂ ಇತ್ತು. 1979ರಲ್ಲಿ ಮದುವೆಗೆ ತವರಿನವರು ಕೊಟ್ಟಿದ್ದು. ಒಳಗೆ ನಾಲ್ಕೈದು ಹಳೇ ರೇಷ್ಮೆ ಸೀರೆ, ಮಡಿಕೆಗಳ ಮಧ್ಯೆ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿಗಳು. ನಿಮ್ಮ ಮನೆಗಳಲ್ಲೂ ಹೀಗೆ ಇಡ್ತಿದ್ರಾ? ಸೋಪು ಕರಗಿ ತಿಂಗಳಾದರೂ ಡಬ್ಬಿ ಬಿಸಾಕುವ ಹಾಗಿರಲಿಲ್ಲ. ಡಬ್ಬಿ ಮೇಲಿರೋ ಶರಭ ಇದೆಯಲ್ಲ, ಸಿಂಹದ ಮೈಗೆ ಆನೆ ತಲೆ, ಚಿಕ್ಕವಳಿದ್ದಾಗ ಅದನ್ನು ಕಂಡರೆ ನನಗೆ ಭಯ. ಸೋಪು ಮುಟ್ಟುತ್ತಿದ್ದೆ, ಡಬ್ಬಿ ಮುಟ್ಟುತ್ತಿರಲಿಲ್ಲ.

ಟ್ರಂಕಿನ ತಳಕ್ಕೆ ಹಾಸಿದ್ದು ಪೂರ್ತಿ ಹಳೇ ವಾರಪತ್ರಿಕೆ ಹಾಳೆಗಳು. ಸೀರೆ ಎತ್ತಿಡೋದು ಬಿಟ್ಟು ನಾನು ಅಲ್ಲೇ ನೆಲದ ಮೇಲೆ ಕೂತು ಓದಿದ್ದೇ ಓದಿದ್ದು. ಧಾರಾವಾಹಿಯ ಹದಿನಾರನೇ ಕಂತು, ಹಿಂದೂ ಇಲ್ಲ ಮುಂದೂ ಇಲ್ಲ. ಯಾರೋ ಅರ್ಧ ತುಂಬಿ ಬಿಟ್ಟ ಪದಬಂಧ. ಆ ಹಾಳೆಗಳ ಅಡಿಯಲ್ಲಿ ಬೇರೆಯಾಗಿ ಒಂದು ಹೊಳೆಯೋ ದಪ್ಪ ಕಾಗದದ ತುಂಡು ಸಿಕ್ಕಿತು. ಬಣ್ಣದ ಫೋಟೋ. ನೋಡಿದರೆ ಜಾಹೀರಾತು ಅಂತ ಗೊತ್ತಾಗುತ್ತೆ.

ಫೋಟೋ ಹೀಗಿದೆ. ಜಗಲಿ ಮೇಲೆ ಕಂಬಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ದಾಳೆ, ಇಪ್ಪತ್ತೈದು ಇರಬಹುದು. ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟಿದ್ದಾಳೆ, ಹೆಗಲ ಮೇಲೆ ಸೀರೆ ಸ್ವಲ್ಪ ಒದ್ದೆಯಾಗಿದೆ. ಸೀರೆ ಅರಿಶಿನ ಬಣ್ಣ, ಬ್ಲೌಸ್ ಕಡು ಹಸಿರು. ನಮ್ಮ ಕಡೆ ನೋಡ್ತಿಲ್ಲ, ಎಡಗಡೆ ಯಾರೋ ಬಂದ ಹಾಗೆ ಅತ್ತ ನೋಡ್ತಿದ್ದಾಳೆ. ನಗು ಬರೋದಕ್ಕೆ ಶುರುವಾಗಿದೆ, ಇನ್ನೂ ಬಂದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಇನ್ನೊಂದು ಕ್ಷಣ ಕಾದರೆ ನಗ್ತಾಳೆ ಅನ್ನಿಸುತ್ತೆ. ನಲವತ್ತು ವರ್ಷದ ಮೇಲಾಯ್ತು ಪಾಪ, ಇನ್ನೂ ನಕ್ಕಿಲ್ಲ.

ಸಮಸ್ಯೆ ಏನಂದ್ರೆ ಕೆಳಗಡೆ ಅರ್ಧ ಇಲ್ಲ. ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ್ದಾರೆ. ಅಕ್ಷರ ಒಂದೂ ಉಳಿದಿಲ್ಲ. ಕತ್ತರಿಸಿದ ಅಂಚಿನಲ್ಲಿ ಸ್ಟೀಲ್ ಲೋಟದ ಬಾಯಿ ಮಾತ್ರ ಒಂದಿಷ್ಟು ಕಾಣುತ್ತೆ. ಹಿಂದೆ ಬೇರೆ ಯಾವುದೋ ಜಾಹೀರಾತಿನ ತುಂಡು, ಅದರ ಖಾಲಿ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಅಂಕಿಗಳು: 14, 34, 29, 9, 10½. ಕೊನೆಗೆ ಒಂದು ರೈಟ್ ಗುರುತು.

ಅಮ್ಮ ಅಕ್ಕನ ಮನೆಗೆ ಹೋಗಿದ್ದಾರೆ, ಭಾನುವಾರ ಬರೋದು. ಫೋನಿನಲ್ಲಿ ಕೇಳಿದರೆ "ಯಾವ ಹೆಂಗಸು?" ಅಂದರು. ಅಲ್ಲಿಗೆ ಮುಗೀತು.

ಇದು ಏನು ಮಾರೋ ಜಾಹೀರಾತು ಇರಬಹುದು? ಕಾಫಿಪುಡಿಯಾ, ತಲೆಗೆಣ್ಣೆಯಾ, ಗೋಡೆ ಬಣ್ಣವಾ? ಜೊತೆಗೆ ನಿಮಗೂ ಹೀಗೆ ಯಾವುದಾದರೂ ಪತ್ರಿಕೆ ಫೋಟೋ, ಜಾಹೀರಾತು ತಲೆಯಲ್ಲಿ ಕೂತುಬಿಟ್ಟಿದ್ದರೆ ಬರೀರಿ. ಯಾಕೆ ಕೂತಿತು ಅಂತಲೂ.


ಆಫ್‌ಸೆಟ್ ಮಾಮ

ಮೇಡಂ, ಮೈಸೂರಿನಲ್ಲಿ ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಇದ್ದವನು ನಾನು. ಏನು ಮಾರ್ತಿದ್ದರು ಅಂತ ಹೇಳೋದು ಕಷ್ಟ, ಯಾವಾಗಿನದ್ದು ಅಂತ ಬೇಕಾದರೆ ಸ್ವಲ್ಪ ಹಿಡೀಬಹುದು.

ಹಿಂಬದಿಯ ತುಂಡಿನಲ್ಲಿ ಯಾವುದಾದರೂ ಊರಿನ ವಿಳಾಸ ಇದೆಯಾ ನೋಡಿ. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೆ ಮುಂಚೆ ಬೆಂಗಳೂರು-2, ಮದ್ರಾಸ್-1 ಅಂತ ಒಂದೆರಡು ಅಂಕಿ ಇರ್ತಿತ್ತು ಅಷ್ಟೆ. ಆರಂಕಿ ಇದ್ದರೆ 72ರ ಈಚಿನದು. ಬಾಂಬೆ ಅಂತ ಇದ್ದರೆ 1995ಕ್ಕೆ ಮುಂಚಿನದು, ಮದ್ರಾಸ್ ಅಂತ ಇದ್ದರೆ 96ಕ್ಕೆ ಮುಂಚಿನದು ಅನ್ನಬಹುದು. ಹಳೇ ಹಾಳೆ ಕೈಗೆ ಸಿಕ್ಕಾಗ ನಾವು ಮೊದಲು ನೋಡೋದೇ ವಿಳಾಸ.

ಇನ್ನೊಂದು. ಮನೆಯಲ್ಲಿ ಭೂತಗನ್ನಡಿ ಇದ್ದರೆ ಅವಳ ತುಟಿ ಮೇಲೆ ಹಿಡಿದು ನೋಡಿ. ಕೆಂಪು ಅಂತ ನಮಗೆ ಕಾಣೋದು ಅಲ್ಲಿ ಕೆಂಪೇ ಇರಲ್ಲ, ಬರೀ ಚುಕ್ಕಿ. ಮೆಜೆಂಟಾ ಚುಕ್ಕಿ, ಹಳದಿ ಚುಕ್ಕಿ, ನೆರಳಿರೋ ಕಡೆ ಸಯಾನ್ ಮತ್ತು ಕಪ್ಪು. ಈ ನಾಲ್ಕೇ ಬಣ್ಣದಲ್ಲಿ ಪ್ರಪಂಚ ಎಲ್ಲ ಅಚ್ಚು ಹಾಕ್ತಿದ್ದೆವು. ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟು, ಕಾಗದ ನಾಲ್ಕೂ ಪ್ಲೇಟಿನ ಕೆಳಗೆ ಹಾದು ಬರಬೇಕು. ಒಂದು ಪ್ಲೇಟು ಕೂದಲೆಳೆ ಅಷ್ಟು ಆಚೀಚೆ ಆದರೂ ಮುಗೀತು, ಲಿಪ್‌ಸ್ಟಿಕ್ ತುಟಿ ಬಿಟ್ಟು ಗಲ್ಲಕ್ಕೆ ಬಂದು ಕೂತಿರುತ್ತೆ. ಹಳೇ ವಾರಪತ್ರಿಕೆಗಳಲ್ಲಿ ಎರಡು ಮೂಗಿನ ಸಿನಿಮಾ ನಟಿಯರನ್ನು ನೀವೆಲ್ಲ ನೋಡಿರ್ತೀರಿ. ಅದು ನಮ್ಮ ತಪ್ಪು, ಅವರದ್ದಲ್ಲ. ಒಂದು ಸಲ ದೀಪಾವಳಿ ವಿಶೇಷಾಂಕದ ಕೆಲಸ, ರಾತ್ರಿ ಎರಡು ಗಂಟೆ, ನಿದ್ದೆಗಣ್ಣಲ್ಲಿ ನಾನು ಹಳದಿ ಪ್ಲೇಟು ಸರಿಯಾಗಿ ಕೂರಿಸಿಲ್ಲ. ಬೆಳಗ್ಗೆ ನೋಡಿದರೆ ಆಭರಣದ ಜಾಹೀರಾತಿನಲ್ಲಿ ಸರ ಕುತ್ತಿಗೆಯಿಂದ ಇಳಿದು ಪಕ್ಕಕ್ಕೆ ನೇತಾಡ್ತಿದೆ! ಎಂಟುನೂರು ಪ್ರತಿ ಹೋದ ಮೇಲೆ ಗೊತ್ತಾಗಿದ್ದು. ಸಂಬಳದಲ್ಲಿ ಹಿಡಿದುಕೊಂಡರು, ಅದು ಬಿಡಿ.

ಅಂದಿನಿಂದ ಯಾವ ಪತ್ರಿಕೆ ತೆಗೆದರೂ ನಾನು ಓದೋದು ಆಮೇಲೆ, ಮೊದಲು ತುಟಿ ನೋಡ್ತೇನೆ. ಮನೆಯವಳು ಅಪಾರ್ಥ ಮಾಡಿಕೊಂಡಿದ್ದೂ ಉಂಟು.

ಕಾಗದ ದಪ್ಪ, ಹೊಳಪು ಅಂದ್ರಲ್ಲ, ಹಾಗಾದರೆ ಒಳಪುಟ ಅಲ್ಲ ಅದು. ರಕ್ಷಾಪುಟದ ಒಳಬದಿ ಇರಬೇಕು, ಇಲ್ಲ ಹಿಂಬದಿ. ಆ ಜಾಗಕ್ಕೆ ದುಡ್ಡು ಜಾಸ್ತಿ. ಸಣ್ಣಪುಟ್ಟ ಅಂಗಡಿಯವರದ್ದಂತೂ ಅಲ್ಲ.


ಸಕ್ಕರೆಸೀಮೆ

ಮಾಮ, ನೋಡಿದೆ! ಹಿಂದೆ "ಬೊಂಬಾಯಿ 400" ಅಂತ ಇದೆ, ಮುಂದಿನ ಅಂಕಿ ಕತ್ತರಿಗೆ ಹೋಗಿದೆ. ಅಂದರೆ 72ರಿಂದ 95ರ ಒಳಗೆ. ಅಮ್ಮನ ಮದುವೆ 79. ಲೆಕ್ಕ ಸರಿ ಹೋಗುತ್ತೆ.

ಭೂತಗನ್ನಡಿ ಸಿಗಲಿಲ್ಲ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ನಿಜ, ಬರೀ ಚುಕ್ಕಿ. ಹತ್ತಿರ ಹೋದಷ್ಟೂ ಅವಳು ಚೆದುರಿ ಹೋಗ್ತಾಳೆ. ಸ್ವಲ್ಪ ಬೇಜಾರೇ ಆಯ್ತು.


ಚಿಕ್ಕಗಡಿಯಾರ

ನನ್ನ ತಲೆಯಲ್ಲಿ ಕೂತಿರೋದು ಗಟ್ಟು. ಏಷಿಯನ್ ಪೇಂಟ್ಸ್ ಹುಡುಗ. ಕೈಯಲ್ಲಿ ಬ್ರಷ್, ಹಣೆ ಮೇಲೆ ಇಳಿಬಿದ್ದ ಕೂದಲು, ಏನೋ ಕಿತಾಪತಿ ಮಾಡಿ ಬಂದವನ ಮುಖ. ಅವನನ್ನು 1954ರಲ್ಲಿ ಬರೆದಿದ್ದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಇದು ಗೊತ್ತಾದಾಗ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಹಾರ್ಡ್‌ವೇರ್ ಅಂಗಡಿ ಮುಂದೆ ಹೋಗುವಾಗಲೆಲ್ಲ ನಮ್ಮ ಬೀದಿ ಹುಡುಗನನ್ನೇ ನೋಡಿದ ಹಾಗೆ. ನಮ್ಮಲ್ಲಿ ಅಂಥ ಹುಡುಗರು ಇದ್ದರು ಕೂಡ, ಹೊಸ ಕಾಂಪೌಂಡ್ ಕಂಡರೆ ಕೈ ಸುಮ್ನಿರ್ತಿರಲಿಲ್ಲ.

ಲಕ್ಷ್ಮಣ್ ಕಥೆಯೂ ಇಲ್ಲಿಗೆ ಹೊಂದುತ್ತೆ. ಅಪ್ಪ ಹೆಡ್‌ಮಾಸ್ಟರ್, ಮನೆ ತುಂಬ ಇಂಗ್ಲಿಷ್ ಪತ್ರಿಕೆ. ಪಂಚ್, ಸ್ಟ್ರ್ಯಾಂಡ್ ಅಂಥವು. ಹುಡುಗನಿಗೆ ಓದೋಕೆ ಬರೋ ಮುಂಚೆಯೇ ಅವುಗಳ ಚಿತ್ರ ನೋಡೋ ಹುಚ್ಚು ಹಿಡಿದಿತ್ತಂತೆ. ಓದು ಬಂದಿದ್ದರೆ ಕೆಳಗಿನ ಸಾಲು ಓದಿ ಪುಟ ತಿರುಗಿಸ್ತಿದ್ದರೋ ಏನೋ. ಆಮೇಲೆ ಮಹಾರಾಜ ಕಾಲೇಜು, ಓದುವಾಗಲೇ ಕೊರವಂಜಿ ಹಾಸ್ಯಪತ್ರಿಕೆಗೆ ಚಿತ್ರ ಬರೆದಿದ್ದು, ಇದೆಲ್ಲ ಗೊತ್ತಿರೋದೇ. ನಿಮ್ಮ ಹೆಂಗಸಿನ ಕೆಳಗಿನ ಅರ್ಧ ಇಲ್ಲದೇ ಇರೋದೇ ಒಳ್ಳೇದಾಯ್ತು ಅನ್ನಿಸ್ತು ನನಗೆ. ಇದ್ದಿದ್ದರೆ ನೀವು ಇಷ್ಟು ಹೊತ್ತು ನೋಡ್ತಿರಲಿಲ್ಲ.

ಇನ್ನೊಂದು ಹೇಳಿಬಿಡ್ತೇನೆ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ಇದೆಯಲ್ಲ, ಬೆರಳ ಸಂದಿಯಿಂದ ಬೆಳಕು ಕೆಂಪಗೆ ಬರುತ್ತೆ, ಅದು. ಹತ್ತರಲ್ಲಿ ಎಂಟು ಜನ ರವಿವರ್ಮನದ್ದು ಅಂತಾರೆ. ಅಲ್ಲ, ಎಸ್.ಎಲ್. ಹಲ್ದಣಕರ್ ಅವರದ್ದು, ಜಲವರ್ಣ, ನಿಂತಿರೋದು ಅವರ ಮಗಳು. ನಮ್ಮ ಮನೆಯಲ್ಲಿ ಅದು ಕ್ಯಾಲೆಂಡರ್ ಆಗಿತ್ತು. ಆ ವರ್ಷ ಮುಗಿದ ಮೇಲೆ ಅಜ್ಜಿ ತಿಂಗಳ ಹಾಳೆಗಳನ್ನು ಕಿತ್ತು, ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಮನೆ ಗೋಡೆಗೆ ನೇತು ಹಾಕಿದರು. ದಿನಾ ಕುಂಕುಮ ಇಡ್ತಿದ್ದರು. ಅಜ್ಜಿ ಪಾಲಿಗೆ ಅದು ಲಕ್ಷ್ಮಿ. ಕ್ಯಾಲೆಂಡರ್ ಕೊಟ್ಟ ಅಂಗಡಿಯವರು ಏನು ಮಾರ್ತಿದ್ದರು ಅಂತ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.


ಐದಡಿ ಮೂರಂಗುಲ

ಎಲ್ಲರೂ ಜಾಹೀರಾತನ್ನು ಹೊಗಳ್ತಿದ್ದೀರಲ್ಲ, ನಾನು ಸ್ವಲ್ಪ ಬೈತೇನೆ.

ನಾನು ಮದ್ದೂರಿನವನು. 1993, ಎಸ್ಸೆಸ್ಸೆಲ್ಸಿ. ಕ್ಲಾಸಿನಲ್ಲಿ ಮೊದಲನೇ ಬೆಂಚು, ಓದೋದರಲ್ಲಿ ಮುಂದಿದ್ದೆ ಅಂತಲ್ಲ, ಎತ್ತರದ ಪ್ರಕಾರ ಕೂರಿಸ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಒಂದು ವಾರಪತ್ರಿಕೆ ಕೊನೇ ಪುಟದಲ್ಲಿ ಜಾಹೀರಾತು ಕಂಡಿತು. ಎಡಗಡೆ ಕುಳ್ಳ ಹುಡುಗ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಾನೆ, ಬಲಗಡೆ ಅದೇ ಹುಡುಗ ಎತ್ತರ ಆಗಿದ್ದಾನೆ, ಪಕ್ಕದಲ್ಲಿ ಒಂದು ಹುಡುಗಿ ತಲೆ ಎತ್ತಿ ಅವನನ್ನೇ ನೋಡ್ತಿದ್ದಾಳೆ. ಮೂರು ತಿಂಗಳಲ್ಲಿ ನಾಲ್ಕು ಇಂಚು. ಇಬ್ಬರ ಷರ್ಟೂ ಒಂದೇ ಅಂತ ನಾನು ಗಮನಿಸಿದ್ದೆ, ಷರ್ಟು ಹೇಗೆ ಬೆಳೀತು ಅಂತ ಮಾತ್ರ ಯೋಚನೆ ಬರಲಿಲ್ಲ.

ಕಂಪನಿ ಹೆಸರು ಬೇಡ. ಅಣ್ಣನ ಹತ್ತಿರ ಸುಳ್ಳು ಹೇಳಿ ದುಡ್ಡು ತಗೊಂಡು ವಿ.ಪಿ.ಪಿ. ತರಿಸಿದೆ. ಪೋಸ್ಟ್‌ಮ್ಯಾನ್‌ಗೆ 85 ರೂಪಾಯಿ ಎಣಿಸಿ ಕೊಟ್ಟೆ, ಆ ಕಾಲಕ್ಕೆ ಅದು ದೊಡ್ಡ ದುಡ್ಡು. ಒಳಗೆ ಒಂದು ಡಬ್ಬಿ ಕರೀ ಮಾತ್ರೆ, ಬಾಯಲ್ಲಿ ಇಟ್ಟರೆ ಇಂಗು ಬೆಲ್ಲ ಸೇರಿಸಿದ ರುಚಿ. ಜೊತೆಗೆ ಹನ್ನೆರಡು ಪುಟದ ಒಂದು ಪುಸ್ತಕ. ಅದರಲ್ಲಿ ದಿನಾ ಅರ್ಧ ಗಂಟೆ ಕಂಬಿ ಹಿಡಿದು ನೇತಾಡಬೇಕು ಅಂತ ಬರೆದಿತ್ತು. ಮನೇಲಿ ಕಂಬಿ ಎಲ್ಲಿಂದ ಬರಬೇಕು, ಹಿತ್ತಲ ಸೀಬೆ ಮರಕ್ಕೆ ನೇತಾಡಿದೆ. ನಮ್ಮಜ್ಜಿ ಬಂದು ನೋಡಿ "ಬಾವಲಿ ಥರ ಯಾಕ್ಲಾ ನೇತಾಡ್ತೀಯ, ಕೊಂಬೆ ಮುರುದ್ರೆ ಹಣ್ಣು ನಿಮ್ಮಪ್ಪ ತಂದ್ಕೊಡ್ತಾನಾ" ಅಂದಳು. ಕೊನೆಗೆ ಕೊಂಬೆ ಮುರೀತು. ನನ್ನ ಎತ್ತರ ಹೆಸರಲ್ಲೇ ಇದೆ ನೋಡಿಕೊಳ್ಳಿ.

ಆಮೇಲೆ ಗೊತ್ತಾಯ್ತು, ಇಂಥ ಜಾಹೀರಾತಿಗೆ ಆಗಲೇ ಕಾನೂನಿನಲ್ಲಿ ಅಡ್ಡಿ ಇತ್ತು. 1954ರಲ್ಲೇ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತಿನ ಮೇಲೆ ಒಂದು ಕಾಯ್ದೆ ಆಗಿದೆ. ಯಾವ್ಯಾವುದಕ್ಕೆ ಔಷಧಿ ಇದೆ ಅಂತ ಜಾಹೀರಾತು ಕೊಡಬಾರದು ಅಂತ ಅದರಲ್ಲಿ ಪಟ್ಟಿಯೇ ಇದೆ, ಮನುಷ್ಯರ ಎತ್ತರವೂ ಆ ಪಟ್ಟಿಯಲ್ಲಿದೆ. ನಾನು ಹುಟ್ಟೋದಕ್ಕೂ ಎಷ್ಟೋ ವರ್ಷ ಮುಂಚಿನ ಕಾಯ್ದೆ, ಸೀಬೆ ಮರದವರೆಗೂ ಬಂದು ತಲುಪಿರಲಿಲ್ಲ ಅಷ್ಟೆ. ಈಗ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನನ್ನ 85 ರೂಪಾಯಿ ಹೋಗಿದ್ದು ಹೋಯಿತು.

ಆದರೂ ಒಂದು ಮಾತು ಒಪ್ಪಿಕೊಳ್ತೇನೆ. ಆ ಬಲಗಡೆ ಹುಡುಗಿ ತಲೆ ಎತ್ತಿ ನೋಡ್ತಿದ್ದಳಲ್ಲ, ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾತ್ರೆ ಮಾರಿದ್ದು ಅವಳೇ.


ಸಕ್ಕರೆಸೀಮೆ

ಅಣ್ಣ, ಬೆಳಗ್ಗೆ ಬೆಳಗ್ಗೆ ಬಸ್ಸಿನಲ್ಲಿ ಓದಿ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. ಸೀಬೆ ಮರಕ್ಕೆ ನನ್ನ ಸಂತಾಪ.


ಅರ್ಧಬೆಳಕು

ನಾನು ಫೋಟೋ ತೆಗೆಯೋನು, ಮೈಸೂರಲ್ಲೇ. ಮದುವೆ ಸೀಸನ್‌ನಲ್ಲಿ ಮದುವೆ, ಮಿಕ್ಕ ದಿನ ಅಂಗಡಿ, ಹೋಟೆಲ್‌ನವರ ಕೆಲಸ.

ಮೇಡಂ, ಅವಳ ಕಣ್ಣೊಳಗೆ ನೋಡಿ. ಬಿಳೀ ಹೊಳಪು ಇರುತ್ತಲ್ಲ, ಅದು ಯಾವ ಆಕಾರದಲ್ಲಿದೆ? ಗುಂಡಗಿದ್ದರೆ ಛತ್ರಿ ಲೈಟು, ಸ್ಟುಡಿಯೋದಲ್ಲಿ ಜಗಲಿ ಕಟ್ಟಿಸಿದ್ದಾರೆ ಅಂತ ಅರ್ಥ. ಚೌಕ ಇದ್ದರೆ ಕಿಟಕಿ ಇರಬಹುದು, ಬಾಗಿಲಿರಬಹುದು. ಕಣ್ಣಲ್ಲಿ ಲೈಟು ಅಡಗಿಸಿಡೋಕೆ ಆಗಲ್ಲ, ಅಲ್ಲಿ ಸಿಕ್ಕಿಬೀಳ್ತೇವೆ ನಾವು.

ಜಾಹೀರಾತಿನ ಫೋಟೋದಲ್ಲಿ ಎಲ್ಲ ಕೂರಿಸಿದ್ದೇ. ಗಡಿಯಾರದ ಜಾಹೀರಾತು ನೋಡಿ, ಎಲ್ಲದರಲ್ಲೂ ಸುಮಾರು ಹತ್ತು ಹತ್ತು. ಮುಳ್ಳುಗಳು ಎರಡು ಕಡೆ ಎತ್ತಿಕೊಂಡಿರುತ್ತೆ, ಮಧ್ಯೆ ಕಂಪನಿ ಹೆಸರು ಚೆನ್ನಾಗಿ ಕಾಣುತ್ತೆ. ಜ್ಯೂಸ್ ಬಾಟಲಿ ಮೇಲಿನ ತಣ್ಣನೆ ಹನಿ ಗ್ಲಿಸರಿನ್, ಎಷ್ಟು ಹೊತ್ತಾದರೂ ಜಾರಲ್ಲ. ವಿದೇಶಿ ಪತ್ರಿಕೆಗಳಲ್ಲಿ ಕೇಕಿನ ಮೇಲೆ ಕ್ರೀಮು ಅಂತ ನಾವು ಬಾಯಿ ಚಪ್ಪರಿಸಿದ್ದು ಎಷ್ಟೋ ಸಲ ಶೇವಿಂಗ್ ಫೋಮು.

ನನ್ನ ಅನುಭವ ಹೇಳ್ತೇನೆ. ಒಂದು ಹೋಟೆಲ್‌ನವರು ಮೆನು ಕಾರ್ಡಿಗೆ ಮೈಸೂರು ಮಸಾಲೆ ದೋಸೆ ಫೋಟೋ ಬೇಕು ಅಂದರು. ಸುಲಭ ಅಂದುಕೊಂಡೆ. ಬಿಸಿ ದೋಸೆ ಮೇಲೆ ಬೆಣ್ಣೆ ಇಟ್ಟರೆ ಅರ್ಧ ನಿಮಿಷದಲ್ಲಿ ಮಾಯ, ಆರಿದ ದೋಸೆ ಮೇಲಿಟ್ಟರೆ ಬೆಣ್ಣೆ ನಿಲ್ಲುತ್ತೆ, ಆದರೆ ದೋಸೆ ಸೊಪ್ಪಗೆ ಸುಕ್ಕಾಗಿ ಮಲಗಿಬಿಡುತ್ತೆ. ಹನ್ನೊಂದು ದೋಸೆ ಹಾಕಿಸಿದೆ. ಭಟ್ಟರು ಒಂದೊಂದು ದೋಸೆಗೂ ನನ್ನ ಮುಖ ನೋಡ್ತಿದ್ದರು, ಕೊನೆಕೊನೆಗೆ ಕಾವಲಿ ಮೇಲೆ ನೀರು ಚಿಮುಕಿಸೋ ಸದ್ದಿನಲ್ಲೇ ಸಿಟ್ಟು ಕೇಳಿಸ್ತಿತ್ತು. ಆಮೇಲೆ ಬೆಣ್ಣೆಯನ್ನು ಫ್ರೀಜರ್‌ನಲ್ಲಿ ಕಲ್ಲು ಮಾಡಿ, ದೋಸೆ ಒಳಗೆ ರಟ್ಟು ತೂರಿಸಿ ಎತ್ತರಿಸಿ, ಪಲ್ಯವನ್ನು ಅಂಚಿಗೆ ತಂದು ಇಟ್ಟು, ಹಿಂದೆ ಒಬ್ಬ ಹುಡುಗನ ಕೈಯಲ್ಲಿ ಬಿಸಿನೀರಿನ ಲೋಟ ಹಿಡಿಸಿ ಹಬೆ ಬರಿಸಿದೆ. ಫೋಟೋ ಚೆನ್ನಾಗಿ ಬಂತು. ನೋಡಿದವರೆಲ್ಲ ಬಾಯಲ್ಲಿ ನೀರು ಬಂತು ಅಂದರು. ನನಗೆ ಮಾತ್ರ ಅದನ್ನು ಕಂಡರೆ ರಟ್ಟಿನ ರುಚಿ.

ಅದಕ್ಕೇ ಜಾಹೀರಾತಿಗಿಂತ ಸುದ್ದಿಯ ಫೋಟೋಗಳು ಮೇಲು ಅಂತ ನನ್ನ ವಾದ. ನಮ್ಮವರೇ ಆದ ಟಿ.ಎಸ್. ಸತ್ಯನ್ ತೆಗೆದಿದ್ದನ್ನು ನೋಡಿ. ಲೈಫ್ ಪತ್ರಿಕೆಗೂ ಫೋಟೋ ಕೊಟ್ಟ ಮನುಷ್ಯ, 1977ರಲ್ಲಿ ಪದ್ಮಶ್ರೀ ಬಂತು. ಮಕ್ಕಳ ಫೋಟೋ ಎಷ್ಟು ತೆಗೆದಿದ್ದಾರೆ, ಒಂದು ಮಗುವೂ ಕ್ಯಾಮೆರಾಗೆ ಹೆದರಿದ ಹಾಗೆ ಕಾಣಲ್ಲ. ಅಲ್ಲಿ ರಟ್ಟು ಇಲ್ಲ.


ಸರಸ್ವತಿಪುರಂ ಲಲಿತೆ

ಸುದ್ದಿ ಫೋಟೋ ಮೇಲು ಅಂತ ಅಷ್ಟು ಸಲೀಸಾಗಿ ಹೇಳಬೇಡಿ ಸರ್.

ನಾನು ಪಿಯುಸಿಯಲ್ಲಿದ್ದಾಗ ಅಪ್ಪ ಹಳೇ ಪುಸ್ತಕದ ಗಾಡಿಯಿಂದ ನ್ಯಾಷನಲ್ ಜಿಯಾಗ್ರಫಿಕ್ ತರ್ತಿದ್ದರು, ಹಳದಿ ಅಂಚಿನದ್ದು. ಅದರಲ್ಲಿ ಒಂದು 1985ರ ಜೂನ್ ಸಂಚಿಕೆ. ಮುಖಪುಟದಲ್ಲಿ ಆ ಆಫ್ಘನ್ ಹುಡುಗಿ, ಕೆಂಪು ಹೊದಿಕೆ, ಹಸಿರು ಕಣ್ಣು. ನೀವೆಲ್ಲ ನೋಡಿರ್ತೀರಿ. ಮುಖಪುಟ ಬಿಚ್ಚಿ ನನ್ನ ಓದೋ ಮೇಜಿನ ಮುಂದೆ ಗೋಡೆಗೆ ಅಂಟಿಸಿಕೊಂಡೆ. ಮೈದಾ ಅಂಟಿನಲ್ಲಿ ಅಂಟಿಸಿದ್ದಕ್ಕೆ ಜಿರಳೆ ಬಂದು ಒಂದು ಮೂಲೆ ತಿಂದಿತ್ತು. ಎರಡು ವರ್ಷ ಅವಳು ನನ್ನನ್ನು ನೋಡ್ತಾ ಇದ್ದಳು, ನಾನು ಓದ್ತಾ ಇದ್ದೆ. ಓದದೇ ಕೂತಾಗ ಅವಳು ಬೈಯೋ ಹಾಗೆ ಕಾಣ್ತಿತ್ತು.

ಫೋಟೋ ತೆಗೆದ ಸ್ಟೀವ್ ಮೆಕರಿ ಅವಳ ಹೆಸರು ಬರೆದುಕೊಂಡಿರಲಿಲ್ಲ. 1984ರಲ್ಲಿ ಪಾಕಿಸ್ತಾನದ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ತೆಗೆದಿದ್ದು. 2002ರಲ್ಲಿ ಹುಡುಕಿಕೊಂಡು ಹೋಗಿ ಕಂಡುಹಿಡಿದರು, ಶರ್ಬತ್ ಗುಲಾ ಅಂತ. ಅಲ್ಲಿಯವರೆಗೂ ಆ ಫೋಟೋವನ್ನು ಅವಳು ನೋಡಿಯೇ ಇರಲಿಲ್ಲ. ಮೈಸೂರಿನಲ್ಲಿ ನನ್ನ ಗೋಡೆ ಮೇಲೆ ಇತ್ತು, ಅವಳ ಹತ್ತಿರ ಇರಲಿಲ್ಲ. ಗೊತ್ತಿಲ್ಲದ ಗಂಡಸು ಫೋಟೋ ತೆಗೆದಾಗ ಸಿಟ್ಟು ಬಂದಿತ್ತು ಅಂತಲೂ ಹೇಳಿದಳಂತೆ. ಇದನ್ನು ಓದಿದ ದಿನ ನನಗೆ ಒಂಥರಾ ಆಯ್ತು. ನಾನು ಅವಳ ಕಣ್ಣಲ್ಲಿ ಹೆದರಿಕೆ ಇದೆ, ಧೈರ್ಯ ಇದೆ ಅಂತೆಲ್ಲ ಕಲ್ಪನೆ ಮಾಡಿಕೊಂಡಿದ್ದೆ. ಅದು ಬರೀ ಸಿಟ್ಟು. ನನ್ನನ್ನು ಬೈದ ಹಾಗೆ ಕಾಣ್ತಿತ್ತು ಅಂದೆನಲ್ಲ, ಅದೇ ಸರಿ ಇತ್ತು ನೋಡಿ!

ಜಾಹೀರಾತಿನ ಹೆಂಗಸಿಗೆ ದುಡ್ಡಾದರೂ ಕೊಟ್ಟಿರ್ತಾರೆ. ರಟ್ಟು ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.


ಅರ್ಧಬೆಳಕು

ಒಪ್ಪಿದೆ ಮೇಡಂ. ಮದುವೆ ಮನೆಯಲ್ಲಿ ಊಟ ಮಾಡೋರ ಬಾಯಿಗೆ ಕ್ಯಾಮೆರಾ ಹಿಡಿಯೋದನ್ನು ನಾನೂ ಬಿಡಬೇಕು.


ಯೆಜ್ಡಿ ರಾಜ

ಮಧ್ಯೆ ಬಂದಿದ್ದಕ್ಕೆ ಕ್ಷಮೆ ಇರಲಿ. ಮೈಸೂರಿನ ಯಾದವಗಿರಿಯಲ್ಲಿದ್ದ ಜಾವಾ, ಯೆಜ್ಡಿ ಬೈಕ್ ಕಾರ್ಖಾನೆಯ ಗಾಡಿ ಜಾಹೀರಾತುಗಳನ್ನು ಕತ್ತರಿಸಿ ಒಂದು ಹಳೇ ಡೈರಿಯಲ್ಲಿ ಅಂಟಿಸಿದ್ದೇನೆ. 1996ರಲ್ಲಿ ಕಾರ್ಖಾನೆ ಮುಚ್ಚಿತು, ನನ್ನ ಡೈರಿ ಇನ್ನೂ ಇದೆ. ಟ್ರಂಕಿನಲ್ಲಿ ಬೇರೆ ಹಾಳೆಗಳು ಇದ್ದವು ಅಂದ್ರಲ್ಲ, ಜಾವಾ, ಯೆಜ್ಡಿ ಏನಾದರೂ ಕಂಡರೆ ದಯವಿಟ್ಟು ಬಿಸಾಕಬೇಡಿ, ನಾನೇ ಮಂಡ್ಯಕ್ಕೆ ಬಂದು ತಗೊಂಡು ಹೋಗ್ತೇನೆ. ನಿಮ್ಮ ಹೆಂಗಸು ನೋಡ್ತಿರೋದು ಗಂಡನ ಗಾಡಿ ಸದ್ದು ಕೇಳಿ ಅಂತ ನನ್ನ ಊಹೆ. ಅಂಥ ಸದ್ದು ಬೇರೆ ಯಾವ ಗಾಡಿಗೆ ಇತ್ತು?


ಸಕ್ಕರೆಸೀಮೆ

ರಾಜಣ್ಣ, ಗಾಡಿ ಒಂದೂ ಇಲ್ಲ. ಒಂದು ಕಡೆ ಟ್ರ್ಯಾಕ್ಟರ್ ಇದೆ, ಬೇಕಾ?

ಅರ್ಧಬೆಳಕು ಸರ್, ಕಣ್ಣಿನ ಹೊಳಪು ನೋಡಿದೆ. ಚೌಕ, ಮಧ್ಯೆ ಒಂದು ಗೆರೆ ಅಡ್ಡ, ಒಂದು ಉದ್ದ. ಕಿಟಕಿಯೇ ಅಲ್ವಾ? ಜಗಲಿ ಎದುರಿಗೆ ಕಿಟಕಿ ಎಲ್ಲಿಂದ ಬಂತೋ.


ಹೊಲಿಗೆಮನೆ

ಅಕ್ಕ, ನಿನ್ನೆಯಿಂದ ಓದ್ತಾ ಇದ್ದೇನೆ, ಎಲ್ಲರೂ ಮುಂದೆ ಮುಂದೆ ನೋಡ್ತಿದ್ದೀರಿ, ಹಿಂದಿನ ಅಂಕಿಗಳ ಬಗ್ಗೆ ಒಬ್ಬರೂ ಮಾತಾಡಲಿಲ್ಲ. 14, 34, 29, 9, 10½. ನಮ್ಮಪ್ಪ ಮಂಡ್ಯದಲ್ಲಿ ಲೇಡೀಸ್ ಟೈಲರ್ ಆಗಿದ್ದರು, ನಾನು ಗುಂಡಿ ಕಾಜಾ ಮಾಡಿಕೊಂಡೇ ಬೆಳೆದವಳು. ಅದು ಬ್ಲೌಸಿನ ಅಳತೆ! ಉದ್ದ 14, ಎದೆ 34, ಸೊಂಟ 29, ತೋಳು 9, ತೋಳಿನ ಸುತ್ತು 10½. ಕೊನೆಯ ರೈಟ್ ಗುರುತು ಹೊಲಿದು ಮುಗೀತು ಅಂತ.

ಆಗೆಲ್ಲ ಹೆಂಗಸರು ಪತ್ರಿಕೆಯಿಂದ ಫೋಟೋ ಕತ್ತರಿಸಿ ತರ್ತಿದ್ದರು. ಸೋಪಿನದ್ದೋ ಟೀಪುಡಿದೋ ಯಾರಿಗೆ ಬೇಕು, "ಹಿಂಗೆ ಕುತ್ತಿಗೆ, ಹಿಂಗೆ ತೋಳು" ಅಂತ ಬೆರಳಿಟ್ಟು ತೋರಿಸೋರು. ಅಪ್ಪ ಅಳತೆಯನ್ನು ಆ ಕಾಗದದ ಹಿಂದೆಯೇ ಬರೆದು ಬಟ್ಟೆ ಜೊತೆ ಗುಂಡುಪಿನ್ನಿನಲ್ಲಿ ಚುಚ್ಚಿ ಇಡ್ತಿದ್ದರು. ಮೇಲಿನ ಮೂಲೆಯಲ್ಲಿ ಪಿನ್ನಿನ ತೂತು ಇದೆಯಾ ನೋಡಿ. ನಮ್ಮ ಅಂಗಡಿ ಗೋಡೆ ತುಂಬ ಇಂಥವೇ, ಸಿನಿಮಾ ನಟಿಯರು, ಸೋಪಿನವರು, ಯಾರಿಗೂ ಸೊಂಟದ ಕೆಳಗೆ ಇಲ್ಲ. ಚಿಕ್ಕವಳಿದ್ದಾಗ ಅದು ನನಗೆ ತಮಾಷೆ ಅನ್ನಿಸ್ತಾನೇ ಇರಲಿಲ್ಲ, ಪತ್ರಿಕೆಯವರು ಹಾಗೇ ಅಚ್ಚು ಹಾಕ್ತಾರೆ ಅಂದುಕೊಂಡಿದ್ದೆ.

ಅವಳ ತೋಳು ಹೇಗಿದೆ ಹೇಳಿ.


ಸಕ್ಕರೆಸೀಮೆ

ಪಿನ್ನಿನ ತೂತು ಇದೆ. ಎರಡು. ತುಕ್ಕಿನ ಗುರುತೂ ಇದೆ. ನಾಲ್ಕು ದಿನ ಕಣ್ಣು, ನಗು, ಲೋಟ ಅಂತ ನೋಡಿದವಳು ತೋಳು ನೋಡಿರಲಿಲ್ಲ ನಾನು. ಮೊಣಕೈಗಿಂತ ಸ್ವಲ್ಪ ಮೇಲಿನವರೆಗೆ ಬಂದಿದೆ, ಹಸಿರು ಬಟ್ಟೆ, ಅಂಚಿಗೆ ಎರಡು ಬೆರಳು ಅಗಲದ ಜರಿ ಬಾರ್ಡರ್, ಅದರ ಮೇಲೆ ಸಣ್ಣದಾಗಿ ಹಲ್ಲು ಹಲ್ಲು ಥರ ಕತ್ತರಿಸಿ ಮಡಚಿದ್ದಾರೆ. ಚೆನ್ನಾಗಿದೆ ಕಣ್ರೀ ನಿಜವಾಗ್ಲೂ.

ಇವತ್ತು ಅಮ್ಮ ಬಂದರು. ಬಂದು ಕಾಲು ತೊಳೆಯೋಕೂ ಬಿಡದೆ ಕಾಗದ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಹೆಂಗಸಿನ ಮುಖ ನೋಡಲೇ ಇಲ್ಲ, ಸೀದಾ ತೋಳಿನ ಮೇಲೆ ಬೆರಳಿಟ್ಟರು. "ಓ ಇದಾ! ನನ್ನ ತಂಗಿ ಮದುವೆಗೆ ಹೊಲಿಸಿದ್ದು. ಆ ಟೈಲರು ಹಾಳು ಮಾಡಿದ." ಅಷ್ಟು ದಿನ ಪತ್ರಿಕೆ ಇಟ್ಟುಕೊಂಡು, ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ಕತ್ತರಿಸಿ (ಗೊತ್ತಾದರೆ ಅವರೂ ಅದೇ ಹೊಲಿಸ್ತಾರಂತೆ), ಕಾಂಜೀವರಂ ಸೀರೆಯ ಬ್ಲೌಸ್ ಪೀಸು ಕೊಟ್ಟರೆ ಅವನು ಬಾರ್ಡರನ್ನು ಉಲ್ಟಾ ಇಟ್ಟು ಹೊಲಿದಿದ್ದ. ಎಡತೋಳಿನದ್ದು ಮಾತ್ರ. ಬಲತೋಳಿನದ್ದು ಸರಿ ಇತ್ತು. ಬಿಚ್ಚಿ ಹೊಲಿಯೋಕೆ ಟೈಮಿಲ್ಲ, ಮದುವೆ ಪೂರ್ತಿ ಎಡಗಡೆ ಸೆರಗು ಹೊದ್ದುಕೊಂಡೇ ಓಡಾಡಿದರಂತೆ. ಇವತ್ತಿಗೂ ಆ ಮದುವೆ ಆಲ್ಬಮ್ಮಿನಲ್ಲಿ ಅಮ್ಮ ಎಲ್ಲ ಫೋಟೋದಲ್ಲೂ ಚಳಿಯಾದವರ ಹಾಗೆ ನಿಂತಿದ್ದಾರೆ, ಅದು ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ.

ಏನಮ್ಮ ಜಾಹೀರಾತು ಅದು, ಕೆಳಗೆ ಏನಿತ್ತು ಅಂದೆ. "ಏನೋ ಇತ್ತಪ್ಪ. ಕುಕ್ಕರ್ರೋ ಕಾಫಿಪುಡಿಯೋ. ನಂಗ್ಯಾಕೆ ಅದು" ಅಂದು ಒಳಗೆ ಹೋದರು.


ಹೊಲಿಗೆಮನೆ

ಅಕ್ಕ, ಯಾವ ಬೀದಿ ಟೈಲರ್ ಅಂತ ಅಮ್ಮನ್ನ ಕೇಳಬೇಡಿ. ನಮ್ಮಪ್ಪ ಬಾರ್ಡರ್ ಉಲ್ಟಾ ಇಡೋರಲ್ಲ ಅಂತ ನಾನು ನಂಬಿಕೊಂಡಿದ್ದೇನೆ, ಹಂಗೇ ಇರಲಿ.


ಆಫ್‌ಸೆಟ್ ಮಾಮ

ಆ ಬ್ಲೌಸು ಟ್ರಂಕಿನಲ್ಲಿ ಇದೆಯಾ ಮೇಡಂ?


ಸಕ್ಕರೆಸೀಮೆ

ಇದೆ ಮಾಮ. ಅದೇ ಸೀರೆ ಮಡಿಕೆಯೊಳಗೆ, ಸೋಪಿನ ಡಬ್ಬಿ ಪಕ್ಕದಲ್ಲಿ. ಎಡತೋಳು ಬಿಚ್ಚಿದ್ದಾರೆ, ಮತ್ತೆ ಹೊಲಿದಿಲ್ಲ.